ಎಲ್ಲಿಗೆ ಎಂದು ಕೇಳುವ ಬಸ್ಸು

ಬಸ್ಸು ಹತ್ತುವವರನ್ನು ಬಸ್ಸೇ ‘ಎಲ್ಲಿಗೆ ಹೊರಟಿರಿ, ಯಾಕೆ ಹೊರಟಿರಿ’ ಎಂದು ಕೇಳಿದರೆ ಏನಾದೀತು? ಒಳ್ಳೆಯದೇ ಆದೀತು ಎಂದು ಮೇಲ್ಮನೆ ಸದಸ್ಯೆ ನೀಲಾಂಬಿಕಾ ಬೇವೂರ ನಂಬಿದ್ದರು. ನಂಬಿ ಸುಮ್ಮನಿದ್ದರೆ ಚೆನ್ನಾಗಿತ್ತು. ಬೆಳಗಾವಿಯ ಅಧಿವೇಶನದಲ್ಲಿ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಅದನ್ನೇ ಸಾರಿಗೆ ಮಸೂದೆಗೆ ತಿದ್ದುಪಡಿಯಾಗಿ ಮಂಡಿಸಿ, ಇಡೀ ಸದನದ ಕೈಯಲ್ಲಿ ಮೇಜು ಕುಟ್ಟಿಸಿಬಿಟ್ಟರು.

ಆ ಹೊತ್ತಿಗಾಗಲೇ ಅವರದು ದೊಡ್ಡ ಹೆಸರು. ಅದಕ್ಕೆ ಒಂದು ವರ್ಷ ಮೊದಲು ಕಲ್ಯಾಣ ಮಸೂದೆಯ ಮೇಲೆ ಅವರು ಆಡಿದ ಮಾತನ್ನು ಜನ ‘ಕಲ್ಲುಬೆಂಚಿನ ಭಾಷಣ’ ಎಂದೇ ಕರೆಯುತ್ತಿದ್ದರು. ಅದರಲ್ಲಿ ಬರುವ ಕಲ್ಲುಬೆಂಚು ಕಟ್ಟುಕತೆಯಲ್ಲ. ಒಮ್ಮೆ ಕಾರಿನಲ್ಲಿ ಗುಳೇದಗುಡ್ಡ ದಾಟುವಾಗ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ತಮ್ಮ ಸ್ವಂತ ಅಕ್ಕ ಬಾಳವ್ವ ಕೂತದ್ದನ್ನು ಅವರು ಕಂಡಿದ್ದರು. ಮಡಿಲಲ್ಲಿ ಕೈಚೀಲ, ಅರ್ಧ ಮುಖದ ಮೇಲೆ ಬಿಸಿಲು. ವಿಧವಾ ಪಿಂಚಣಿ ಕೊಡುವ ದಿನ ಅದು. ಕಾರು ನಿಲ್ಲಿಸಿ ಮಾತಾಡಿಸಬೇಕೆನ್ನಿಸಿತು. ಸಭೆಗೆ ಹೊತ್ತಾಗಿತ್ತು, ನಿಲ್ಲಿಸಲಿಲ್ಲ. ಆದರೆ ಆ ಚಿತ್ರ ಕಣ್ಣಿಗೆ ಕಟ್ಟಿತು. “ಇನ್ನು ಮೇಲೆ ಈ ನಾಡಿನ ಯಾವ ತಾಯಿಯೂ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಬಿಸಿಲು ಕಾಯಬಾರದು. ಸರ್ಕಾರ ಅವಳ ಹೊಸ್ತಿಲಿಗೆ ಬರಲಿ” ಎಂದು ಅವರು ಸದನದಲ್ಲಿ ಗದ್ಗದಿತರಾದಾಗ ವಿರೋಧ ಪಕ್ಷದ ಮುದುಕರೂ ಕನ್ನಡಕ ತೆಗೆದು ಒರೆಸಿಕೊಂಡರು. ಮಸೂದೆ ಅಂದೇ ಪಾಸಾಯಿತು.

ಸರ್ಕಾರ ಹೊಸ್ತಿಲಿಗೆ ಬಂತು. ಪ್ರತಿ ಮನೆಯ ಪಡಸಾಲೆಯಲ್ಲಿ, ಹಿಂದೆ ದೀಪ ಇಡುತ್ತಿದ್ದ ಗೂಡಿನ ಜಾಗದಲ್ಲಿ, ಒಂದು ಪರದೆ ಕೂರಿಸಿದರು. ಜನ ಅದನ್ನೂ ಗೂಡು ಎಂದೇ ಕರೆದರು. ಪಿಂಚಣಿ ಗೂಡಿನ ಕೆಳಗಿನ ಕಂಡಿಯಿಂದ ಬರುತ್ತಿತ್ತು. ಗೂಡಿನ ಮುಂದೆ ಕೂತು ಕಣ್ಣು ಅಗಲಿಸಿದರೆ ವೈದ್ಯರು ಕಣ್ಣು ನೋಡುತ್ತಿದ್ದರು, ಸಂಜೆಗೆ ಔಷಧಿ ಮಾಳಿಗೆಯ ಮೇಲೆ ಹಾರಿಬಂದು ಇಳಿಯುತ್ತಿತ್ತು. ಹಳೆಯ ಕೈಫೋನುಗಳ ಕಾಲ ಮುಗಿದು, ಯಾರ ಜೊತೆ ಮಾತಾಡಬೇಕಾದರೂ ಗೂಡಿನ ಮುಂದೆಯೇ ಕೂರಬೇಕಾಯಿತು. ಕರೆ ಬಂದರೆ ಅದು ಕರೆದವರ ಹೆಸರನ್ನು ಮನೆಮಂದಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಪಿಸುಮಾತು ಅದಕ್ಕೆ ಯಾರೂ ಕಲಿಸಿರಲಿಲ್ಲ.

ಮರುವರ್ಷ ಸಾರಿಗೆಯ ಸರದಿ. ಚಾಲಕರಿಲ್ಲದ ಬಸ್ಸುಗಳು ಬಂದಿದ್ದವು. ಟಿಕೇಟಿಲ್ಲದ ಆ ಬಸ್ಸುಗಳ ಮುಂದೆ ಹಳ್ಳಿಗಳಿಗೆ ಓಡುತ್ತಿದ್ದ ಬಾಡಿಗೆಯ ಟಂಟಂ ಗಾಡಿಗಳೆಲ್ಲ ಮೂಲೆ ಸೇರಿದ್ದವು. ಆದರೆ ಯಾವ ಊರಿಗೆ ಎಷ್ಟು ಬಸ್ಸು ಎಂಬ ಜಗಳ ಮುಗಿದಿರಲಿಲ್ಲ. ಶಾಸಕರ ಮಾವನ ಊರಿಗೆ ನಾಲ್ಕು, ಬಡವರ ಕೇರಿಗೆ ಸೊನ್ನೆ. ಆಗ ನೀಲಾಂಬಿಕಾ ಹೇಳಿದ್ದು ಇಷ್ಟೇ: ಶಿಫಾರಸು ಬೇಡ, ಹತ್ತುವವರನ್ನೇ ಕೇಳಿ. ಎಲ್ಲಿಗೆ, ಯಾಕೆ? ಮನೆಯಲ್ಲಿ ಕೂತು ಆಗದ ಕೆಲಸ ಯಾವ ಊರಿನವರಿಗೆ ಹೆಚ್ಚಿದೆಯೋ ಆ ಊರಿಗೆ ಬಸ್ಸು ಹೆಚ್ಚು ಹೋಗಲಿ. ಎಷ್ಟು ನ್ಯಾಯವಾದ ಮಾತು! ಹುಬ್ಬಳ್ಳಿಯಲ್ಲಿ ಸಂಚಾರ ಕೇಂದ್ರ ಎದ್ದಿತು. ಬಸ್ಸಿನ ಬಾಗಿಲಲ್ಲಿ ಒಂದು ಸೌಮ್ಯವಾದ ಹೆಣ್ಣುಧ್ವನಿ ಕೂತಿತು. ‘ನಮಸ್ಕಾರ. ಎಲ್ಲಿಗೆ ಹೊರಟಿದ್ದೀರಿ? ಯಾಕೆ?’

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು ಎಂದು ನೀಲಾಂಬಿಕಾ ಅವರಿಗೆ ಗೊತ್ತಾಗಲು ಎರಡು ವರ್ಷ ಹಿಡಿಯಿತು.

ಆ ವರ್ಷ ನಾಗರ ಪಂಚಮಿಗೆ ಅವರು ತವರೂರು ಹಾಲಗುಂಡಿಗೆ ಹೋದರು. ತವರೆಂದರೆ ಈಗ ಅಕ್ಕನ ಮನೆಯೇ. ಬಾಳವ್ವನನ್ನು ಸೋದರಮಾವನಿಗೇ ಕೊಟ್ಟು ಊರಲ್ಲೇ ಉಳಿಸಿಕೊಂಡಿದ್ದರು. ಅವಳ ಮಗ ಮಲ್ಲೇಶಿಗೆ ಕುಬುಸದ ಖಣ ನೇಯುವ ಎರಡು ಮಗ್ಗಗಳಿದ್ದವು. ಒಳ್ಳೆಯ ದುಡಿಮೆಗಾರ, ಒರಟು ಮಾತಿನವನು. ಚಿಗವ್ವ, ಅಂದರೆ ಈ ಚಿಕ್ಕಮ್ಮ, ಬಂದಳೆಂದರೆ ಅವನಿಗೆ ಎಲ್ಲಿಲ್ಲದ ಹಿಗ್ಗು. ಗೂಡಿನಲ್ಲಿ ಅವಳ ಹಳೆಯ ಭಾಷಣ ಹಚ್ಚಿ, ಓಣಿಯವರನ್ನೆಲ್ಲ ಕರೆದು ಕೂರಿಸುತ್ತಿದ್ದ.

ಅಕ್ಕನನ್ನು ಗುರುತು ಹಿಡಿಯುವುದೇ ನೀಲಾಂಬಿಕಾ ಅವರಿಗೆ ಕಷ್ಟವಾಯಿತು. ಕಾಯಿಲೆ ಏನೂ ಇಲ್ಲ, ಗೂಡು ತಿಂಗಳಿಗೊಮ್ಮೆ ರಕ್ತ ನೋಡಿ ಎಲ್ಲ ಸರಿಯಿದೆ ಎನ್ನುತ್ತಿತ್ತಂತೆ. ಆದರೆ ಬಾಳವ್ವ ಅರ್ಧ ಆಗಿದ್ದಳು. ಹಬ್ಬದ ಉಂಡಿ ಕಟ್ಟುತ್ತಿದ್ದಳು. ಕಟ್ಟಿದ್ದರಲ್ಲಿ ನಾಲ್ಕು ಶೇಂಗಾ ಉಂಡಿ ತೆಗೆದು ಬಟ್ಟೆಯಲ್ಲಿ ಗಂಟು ಹಾಕಿ ಜೋಳ ತುಂಬಿಡುವ ಗುಮ್ಮಿಯ ಹಿಂದೆ ಇಟ್ಟಳು. ಯಾರಿಗೆ ಎಂದು ತಂಗಿ ಕೇಳಿದರು. ಬಾಳವ್ವ ಪಡಸಾಲೆಯ ಕಡೆ ಒಮ್ಮೆ ನೋಡಿ, ದನಿ ಇಳಿಸಿ ಬೇರೆಯೇ ಒಂದು ಮಾತು ಕೇಳಿದಳು.

“ನೀಲಾ, ನಿಮ್ಮ ಮ್ಯಾಲಿನ ಮನ್ಯಾಗ ಹೇಳಿ ನಮ್ಮೂರಿಗಿ ಬಸ್ಸೊಂದ ತಿರುಗಿ ಬಿಡಸತೀ?”

ಬಸ್ಸು ನಿಂತದ್ದೇ ನೀಲಾಂಬಿಕಾ ಅವರಿಗೆ ಗೊತ್ತಿರಲಿಲ್ಲ. ಕಾರಿನಲ್ಲಿ ಬಂದವರಿಗೆ ಹೇಗೆ ಗೊತ್ತಾಗಬೇಕು? ಎಲ್ಲಿಗೆ ಹೋಗಬೇಕಾಗಿತ್ತು ಅಕ್ಕಾ ಎಂದು ಕೇಳಿದರು.

“ಎಲ್ಲಿಗಿ ಅಂತ ಕೇಳಬಾರದವ್ವಾ,” ಎಂದಳು ಬಾಳವ್ವ. “ಅವ್ವ ಕಲಿಸಿದ್ದು ಮರತೇನು?”

ಮರೆತಿದ್ದರು. ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಆಗುವುದಿಲ್ಲ ಎಂದು ಆ ಮನೆಯಲ್ಲಿ ನಂಬಿಕೆ. ಆ ಮನೆಯಲ್ಲೇನು, ಆ ಸೀಮೆಯಲ್ಲೆಲ್ಲ. ಚಿಕ್ಕಂದಿನಲ್ಲಿ ನೀಲಾ ಒಮ್ಮೆ ಹೊಸ್ತಿಲ ಮೇಲೆ ನಿಂತು ಅಪ್ಪನನ್ನು ಹಾಗೆ ಕೇಳಿ ಅವ್ವನಿಂದ ಬೆನ್ನ ಮೇಲೆ ಗುದ್ದು ತಿಂದಿದ್ದಳು. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು, ನೀರು ಕುಡಿದು, ಕೂತು, ಮತ್ತೆ ಹೊರಟಿದ್ದ. ಅಂಥ ಮನೆಯಲ್ಲಿ ಹುಟ್ಟಿದವರು, ನಾಡಿನ ಪ್ರತಿ ಬಸ್ಸಿನ ಬಾಗಿಲಲ್ಲೂ ಅದೇ ಪ್ರಶ್ನೆ ಕೂರಿಸಿದ್ದರು.

ಉಳಿದದ್ದನ್ನು ಬಾಳವ್ವ ಮನೆಯಲ್ಲಿ ಹೇಳಲಿಲ್ಲ. ಹುತ್ತಕ್ಕೆ ಹಾಲೆರೆಯಲು ಇಬ್ಬರೂ ಊರ ಹೊರಗೆ ಹೋದಾಗ, ಹಿಂದೆ ಮುಂದೆ ಯಾರೂ ಇಲ್ಲವೆಂದು ನೋಡಿಕೊಂಡು ಹೇಳಿದಳು. ಅವಳ ಮಗಳು ರೇಣುಕಾ ಬೇರೆ ಜಾತಿಯ ಹುಡುಗನನ್ನು ಮದುವೆಯಾದದ್ದು, ಮಲ್ಲೇಶಿ ತಂಗಿ ಸತ್ತಳೆಂದು ತಲೆಮೇಲೆ ನೀರು ಹೊಯ್ದುಕೊಂಡದ್ದು, ಅವಳ ಹೆಸರೆತ್ತಿದರೆ ತಾನು ಊರು ಬಿಡುತ್ತೇನೆಂದು ಆಣೆ ಹಾಕಿದ್ದು ನೀಲಾಂಬಿಕಾ ಅವರಿಗೂ ಗೊತ್ತಿತ್ತು. ಕಾಲ ಕಳೆದರೆ ಎಲ್ಲ ಸರಿಹೋಗುತ್ತದೆ ಎಂದು ಅವರೂ ಬುದ್ಧಿ ಹೇಳಿ ಕೈ ತೊಳೆದುಕೊಂಡಿದ್ದರು. ಗೊತ್ತಿಲ್ಲದ್ದು ಇಷ್ಟು: ಪಿಂಚಣಿಯ ದಿನ ಗುಳೇದಗುಡ್ಡದ ಬಸ್‌ಸ್ಟ್ಯಾಂಡಿನಲ್ಲಿ ತಾಯಿ ಮಗಳು ಸೇರುತ್ತಿದ್ದರು. ಬಾಳವ್ವ ಬೆಳಿಗ್ಗೆಯೇ ಹಣ ತೆಗೆದುಕೊಂಡು ಬಂದು ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದಳು. ಗಂಡನ ಮನೆಯಿದ್ದ ಆಚೆ ಊರಿನ ಬಸ್ಸಿನಲ್ಲಿ ರೇಣುಕಾ ಬರುತ್ತಿದ್ದಳು, ಆಮೇಲೆ ಕೂಸನ್ನೂ ಎತ್ತಿಕೊಂಡು ಬಂದಳು. ಹಾಲಗುಂಡಿಯ ಬಸ್ಸು ಬರುವತನಕ ಕೂತು ಮಾತಾಡಿ, ತಂದದ್ದು ತಿಂದು, ತಲೆ ಬಾಚಿ, ಹೋಗುತ್ತಿದ್ದರು. ಪಿಂಚಣಿಗೆ ಹೋಗುತ್ತೇನೆ ಎಂದರೆ ಮನೆಯಲ್ಲಿ ಯಾರೂ ಬೇಡ ಅನ್ನುವಂತಿರಲಿಲ್ಲ.

“ನೀ ಅವತ್ತ ಕಾರಿನ್ಯಾಗ ಹೋದದ್ದ ನಾನೂ ನೋಡೀನಿ,” ಎಂದಳು ಬಾಳವ್ವ. “ನಿಂದರತಾಳೇನೋ ಅಂತ ಹೆದರಿದ್ದೆ. ರೇಣಿ ಬರೂ ಹೊತ್ತಾಗಿತ್ತು.”

ಹುತ್ತದ ಮುಂದೆ ನಿಂತಲ್ಲೇ ನೀಲಾಂಬಿಕಾ ಅವರಿಗೆ ತಿಳಿಯಿತು. ನಾಡೆಲ್ಲ ಕೇಳಿ ಅತ್ತ ಆ ಕಲ್ಲುಬೆಂಚು ಅಕ್ಕನ ಕಷ್ಟದ ಜಾಗವಾಗಿರಲಿಲ್ಲ; ಅವಳ ಬದುಕಿನಲ್ಲಿ ಉಳಿದಿದ್ದ ಒಂದೇ ಸುಖದ ಜಾಗವಾಗಿತ್ತು. ಅದನ್ನು ಕಿತ್ತುಕೊಂಡವರು ತಾವು.

ಕಿತ್ತುಕೊಂಡದ್ದೂ ಒಂದೇ ಏಟಿಗಲ್ಲ. ಪಿಂಚಣಿ ಮನೆಗೆ ಬಂದಾಗ ಬಾಳವ್ವ ಕಣ್ಣಿನ ನೆವ ಹೇಳಿದಳು. ಗೂಡಿನೊಳಗೆ ಕಣ್ಣಿನ ವೈದ್ಯರು ಬಂದರು. ಸೀರೆ ತರಬೇಕೆಂದಳು, ಸೀರೆ ಮಾಳಿಗೆಯ ಮೇಲೆ ಇಳಿಯಿತು. ಕಲ್ಯಾಣ ಮಸೂದೆಯ ಒಂದೊಂದು ಕಲಮೂ ಬಂದು ಒಂದೊಂದು ನೆವವನ್ನು ಮುಚ್ಚಿತು. ಕೊನೆಗೆ ನೆವವಿಲ್ಲದೆಯೇ ಒಂದು ದಿನ, ಮಲ್ಲೇಶಿ ನೂಲು ತರಲು ಹೋದಾಗ, ಬಸ್ಸಿನ ಬಾಗಿಲಿಗೆ ಹೋಗಿ ನಿಂತಳು. ಬಸ್ಸು ಕೇಳಿತು, ಎಲ್ಲಿಗೆ, ಯಾಕೆ. ಹಿಂದೆ ಓಣಿಯವರೆಲ್ಲ ನಿಂತಿದ್ದರು. ಬಾಳವ್ವ ಬಾಯಿ ಬಿಡಲಿಲ್ಲ, ತಿರುಗಿ ಮನೆಗೆ ಬಂದಳು. ಅದಾದ ಮೇಲೆ ಸ್ವಲ್ಪ ದಿನಕ್ಕೆ ಬಸ್ಸೇ ಬರಲಿಲ್ಲ.

ಹಬ್ಬ ಮುಗಿದ ಮರುದಿನವೇ ನೀಲಾಂಬಿಕಾ ಹುಬ್ಬಳ್ಳಿಯ ಸಂಚಾರ ಕೇಂದ್ರಕ್ಕೆ ಹೋದರು. ಅಲ್ಲಿನ ಮುಖ್ಯ ಎಂಜಿನಿಯರು ತೌಸೀಫ್ ನದಾಫ, ಮರ್ಯಾದಸ್ಥ, ಇವರ ಭಾಷಣಗಳ ಅಭಿಮಾನಿ. ಗೋಡೆಯಗಲದ ಪರದೆಯ ಮೇಲೆ ಜಿಲ್ಲೆಯ ಊರುಗಳೆಲ್ಲ ಚುಕ್ಕೆಗಳಾಗಿದ್ದವು. ಬಸ್ಸು ಹೋಗುವ ಊರು ಹಸಿರು, ನಿಂತ ಊರು ಬೂದಿ. ಹಾಲಗುಂಡಿಯ ಸುತ್ತ ಬೂದಿ ಬಣ್ಣವೇ ಹೆಚ್ಚಿತ್ತು.

ನದಾಫ ವಿನಯದಿಂದ ವಿವರಿಸಿದ. ಪ್ರಯಾಣಿಕರು ಹೇಳಿದ ಕಾರಣವನ್ನು ಯಂತ್ರ ತೂಗುತ್ತದೆ. ಗೂಡಿನಲ್ಲಿ ಆಗುವ ಕೆಲಸವಾದರೆ ತೂಕ ಕಡಿಮೆ, ಆಗದ ಕೆಲಸವಾದರೆ ಹೆಚ್ಚು. ಕಾರಣವನ್ನೇ ಹೇಳದಿದ್ದರೆ ಸೊನ್ನೆ. ಊರಿನ ಒಟ್ಟು ತೂಕ ಇಳಿಯುತ್ತ ಹೋದರೆ ಬಸ್ಸು ತಾನಾಗಿ ಬೇರೆ ಊರಿಗೆ ತಿರುಗುತ್ತದೆ. ಆ ಕಡೆಯ ಊರುಗಳ ಹೆಂಗಸರು ಯಾಕೋ ಉತ್ತರವನ್ನೇ ಕೊಡುವುದಿಲ್ಲ, ಬಸ್ಸಿನ ಮುಂದೆ ಬಂದು ನಿಂತು ಸುಮ್ಮನೆ ತಿರುಗಿ ಹೋಗುತ್ತಾರೆ. ಬಹುಶಃ ಯಂತ್ರದ ಭಯ ಇರಬೇಕು ಎಂದ.

ಯಂತ್ರದ ಭಯವಲ್ಲ ಎಂದು ನೀಲಾಂಬಿಕಾ ಅವರಿಗೆ ಈಗ ಗೊತ್ತಿತ್ತು. ಆ ಬೂದಿ ಚುಕ್ಕೆಗಳಲ್ಲಿ ಎಷ್ಟು ಜನ ಬಾಳವ್ವಂದಿರಿದ್ದಾರೋ, ಯಾರ ಯಾರಿಗೆ ಯಾವ ಕಲ್ಲುಬೆಂಚಿತ್ತೋ. ಒಬ್ಬಳು ಗೆಳತಿಯನ್ನು ಕಾಣಲು, ಒಬ್ಬಳು ಬಳೆ ಅಂಗಡಿ ನೋಡಲು, ಒಬ್ಬಳು ಗಂಡನ ಮುಖ ನಾಲ್ಕು ತಾಸು ನೋಡದಿರಲು. ಪಿಂಚಣಿಯೂ ಪಡಿತರವೂ ಹೊಸ್ತಿಲು ದಾಟಲು ಅವರಿಗಿದ್ದ ರಹದಾರಿ ಎಂದು ಎರಡು ಮಸೂದೆಗಳ ಚರ್ಚೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲವಲ್ಲ. ಗಂಡಸರಿಗೆ ಹೊಳೆಯದಿದ್ದರೆ ಹೋಗಲಿ, ನನಗಾದರೂ ಹೊಳೆಯಬಾರದಿತ್ತೇ ಎಂದು ತಮ್ಮನ್ನೇ ಬೈದುಕೊಂಡರು. ಬಸ್ಸು ತಿರುಗಿ ಬಿಡಲು ಬರುತ್ತದೆಯೇ ಎಂದು ಕೇಳಿದರು. ನದಾಫ ಕೈ ಮುಗಿದ. ಕಾನೂನು ಬದಲಾಗಬೇಕು ಮೇಡಂ, ಅದು ನಿಮ್ಮ ಕೈಯಲ್ಲೇ ಇದೆಯಲ್ಲ ಎಂದ.

ಚಳಿಗಾಲದ ಅಧಿವೇಶನದಲ್ಲಿ ಅವರು ತಮ್ಮ ತಿದ್ದುಪಡಿಗೆ ತಾವೇ ತಿದ್ದುಪಡಿ ತಂದರು: ಪ್ರತಿ ಊರಿಗೆ ವಾರಕ್ಕೊಂದು ಬಸ್ಸಾದರೂ ಏನೂ ಕೇಳದೆ ಹೋಗಿಬರಬೇಕು. ಸದನದ ಕಲಾಪ ಎಲ್ಲ ಮನೆಗಳ ಗೂಡಿನಲ್ಲೂ ನೇರವಾಗಿ ಬರುತ್ತಿತ್ತು. ಹಾಲಗುಂಡಿಯಲ್ಲಿ ಮಲ್ಲೇಶಿ ಮಗ್ಗ ನಿಲ್ಲಿಸಿ, ಅವ್ವನನ್ನೂ ಹೆಂಡತಿಯನ್ನೂ ಮುಂದೆ ಕೂರಿಸಿಕೊಂಡು ಕೂತಿರುತ್ತಾನೆಂದು ನೀಲಾಂಬಿಕಾ ಅವರಿಗೆ ಗೊತ್ತಿತ್ತು.

ಸಾರಿಗೆ ಸಚಿವರು ಕೆಟ್ಟವರೇನಲ್ಲ, ಹಳೆಯ ಸಹೋದ್ಯೋಗಿ. ನಗುತ್ತಲೇ ಎದ್ದರು. ಸನ್ಮಾನ್ಯ ಸದಸ್ಯರು ಹಿಂದೆ ಆಡಿದ ಮಾತನ್ನೇ ಓದಿ ಹೇಳಿದರು, ಕಲ್ಲುಬೆಂಚಿನ ತಾಯಿಯನ್ನು ನೆನಪಿಸಿದರು. ಆ ತಾಯಿಯನ್ನು ಮತ್ತೆ ಬಿಸಿಲಿಗೆ ಎಳೆಯಬೇಕೇ ಎಂದು ಕೇಳಿದರು. ಸದನ ಮೇಜು ಕುಟ್ಟಿತು. ಆಮೇಲೆ ಸಚಿವರು ಧಾರಾಳವಾಗಿ ಕೈ ಚಾಚಿ, ಮನೆಯಲ್ಲಿ ಆಗದ ಒಂದೇ ಒಂದು ಕಾರಣವನ್ನು ಸದಸ್ಯರು ಹೇಳಲಿ, ಅವರ ತವರು ಹಾಲಗುಂಡಿಗೆ ನಾಳೆಯೇ ಬಸ್ಸು ಕಳಿಸುತ್ತೇನೆ ಎಂದರು.

ಕಾರಣ ನಾಲಿಗೆಯ ತುದಿಯಲ್ಲಿತ್ತು. ಹೆಸರು ಹೇಳದೆಯೂ ಹೇಳಬಹುದಿತ್ತು, ಒಬ್ಬ ತಾಯಿ, ಒಬ್ಬ ಮಗಳು ಎಂದು. ಆದರೆ ಹಾಲಗುಂಡಿಯಲ್ಲಿ ಅಂಥ ಮನೆ ಒಂದೇ. ಮಲ್ಲೇಶಿ ಒರಟ, ಪೆದ್ದನಲ್ಲ. ಇಲ್ಲಿ ಬಾಯಿ ಬಿಟ್ಟರೆ ಅಲ್ಲಿ ಪಡಸಾಲೆಯಲ್ಲಿ ಅವ್ವನ ಕಡೆ ಅವನ ಮುಖ ತಿರುಗುತ್ತದೆ. ಬಸ್ಸು ಬಂದರೂ ಅಕ್ಕ ಹತ್ತಲಾರಳು. ಮಾತಿನಿಂದಲೇ ಮೇಲೆ ಬಂದ ನೀಲಾಂಬಿಕಾ, ಎದುರಿಗೆ ಉರಿಯುತ್ತಿದ್ದ ಕ್ಯಾಮೆರಾದ ಕೆಂಪು ದೀಪವನ್ನು ನೋಡಿ ಸಭಾಪತಿಗಳ ಕಡೆ ತಿರುಗಿದರು.

“ಮಾನ್ಯ ಸಭಾಪತಿಗಳೇ, ಕಾರಣ ಇದೆ. ಹೇಳುವುದಕ್ಕೆ ಬರುವುದಿಲ್ಲ,” ಎಂದರು. ಯಾರೋ ನಕ್ಕರು. “ನಮ್ಮ ಕಡೆ ಹೊರಟವರನ್ನು ಎಲ್ಲಿಗೆ ಎಂದು ಕೇಳುವುದಿಲ್ಲ. ಕೇಳುವ ಕಾನೂನು ಮಾಡಿದವಳು ನಾನು. ತಪ್ಪಾಯಿತು. ಅದನ್ನು ತೆಗೆದುಹಾಕಿ ಎಂದು ಬೇಡಿಕೊಳ್ಳುತ್ತಿದ್ದೇನೆ.”

ಧ್ವನಿಮತದಲ್ಲಿ ತಿದ್ದುಪಡಿ ಬಿತ್ತು. ಪರವಾಗಿ ಬಂದ ಧ್ವನಿ ಅವರದೊಂದೇ. ಮೊಗಸಾಲೆಯಲ್ಲಿ ಸಚಿವರು ಬಂದು, ಆರೋಗ್ಯ ಸರಿಯಿಲ್ಲವೇ ಅಕ್ಕಾರೆ ಎಂದು ನಿಜವಾದ ಕಾಳಜಿಯಿಂದ ವಿಚಾರಿಸಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ತಮ್ಮ ಮಾತು ಹೋಗಿರಲಿಲ್ಲ, ಕಾನೂನಾಗಿ ಊರೂರಿನ ಬಾಗಿಲಲ್ಲಿ ಕೂತಿತ್ತಲ್ಲ ಎಂದು ನೀಲಾಂಬಿಕಾ ಅಂದುಕೊಂಡರು.

ಆದರೂ ಒಂದು ದಾರಿ ಉಳಿದಿತ್ತು. ಸಂಚಾರ ಕೇಂದ್ರದ ನಿಯಮದಲ್ಲಿ ಸದನದ ಸದಸ್ಯರ ಪ್ರವಾಸಕ್ಕೆ ತೂಕ ಕಟ್ಟುವಂತಿಲ್ಲ. ಸದಸ್ಯರು ‘ಸದಸ್ಯರ ಕೆಲಸ’ ಎಂದರೆ ಬಸ್ಸು ಹೋಗಲೇಬೇಕು. ಕಾರಿರುವ ಸದಸ್ಯರಲ್ಲಿ ಒಬ್ಬರೂ ಅದನ್ನು ಬಳಸಿರಲಿಲ್ಲ. ನೀಲಾಂಬಿಕಾ ಕಾರನ್ನು ಬಾಗಲಕೋಟೆಯಲ್ಲಿ ಬಿಟ್ಟು, ಗುರುವಾರ ಗುರುವಾರ ಹಾಲಗುಂಡಿಗೆ ಬಸ್ಸಿನಲ್ಲಿ ಬರತೊಡಗಿದರು. ಚಿಗವ್ವನಿಗೆ ಗುಳೇದಗುಡ್ಡದಲ್ಲಿ ಜನರ ಅಹವಾಲು ಕೇಳುವ ಕೆಲಸ, ಜೊತೆಗೆ ಅವ್ವ ಬೇಕಂತೆ ಎಂದು ಕೇಳಿ ಮಲ್ಲೇಶಿ ತಾನೇ ಅವ್ವನ ಕೈಚೀಲ ಹಿಡಿದುಕೊಂಡು ಬಂದು ಬಸ್ಸು ಹತ್ತಿಸಿದ. ಬಾಗಿಲಲ್ಲಿ ಧ್ವನಿ ಕೇಳಿತು. ಅಕ್ಕ ತುಟಿ ಬಿಗಿಹಿಡಿದಳು. ತಂಗಿ ಇಬ್ಬರ ಪರವಾಗಿಯೂ ಉತ್ತರ ಕೊಟ್ಟರು.

ಮೊದಲ ಗುರುವಾರ ಹಳೆಯ ಪಿಂಚಣಿಯ ದಿನಕ್ಕೇ ಬಿದ್ದಿತ್ತು; ಬಾಳವ್ವ ಕಿಟಕಿಯ ಸರಳು ಹಿಡಿದುಕೊಂಡು ದಾರಿಯುದ್ದಕ್ಕೂ ಹುಡುಗಿಯ ಹಾಗೆ ನಗುತ್ತಿದ್ದಳು. ಮೊಮ್ಮಗ ಈಗ ಓಡಾಡುತ್ತಿರಬಹುದು ಎಂದಳು. ರೇಣಿಗೆ ಸಿಟ್ಟು ಬಂದಿರಬಹುದು, ಬಂದರೆ ಬರಲಿ, ಬೈದರೆ ಬೈಸಿಕೊಳ್ಳುತ್ತೇನೆ ಎಂದಳು.

ಕಲ್ಲುಬೆಂಚು ಇದ್ದಲ್ಲೇ ಇತ್ತು. ರೇಣುಕಾ ಇರಲಿಲ್ಲ. ಬೆಂಚಿನ ಪಕ್ಕ ಹೂ ಮಾರುವ ಶಿವಲೀಲಾ ಬಾಳವ್ವನನ್ನು ನೋಡಿ ಕೈಯಲ್ಲಿದ್ದ ದಂಡೆ ಕೆಳಗಿಟ್ಟಳು. ಇಷ್ಟು ದಿನ ಎಲ್ಲಿ ಹೋಗಿದ್ದಿರಿ ಎಂದು ಕೇಳಲು ಬಾಯಿ ತೆರೆದವಳು ಕೇಳಲಿಲ್ಲ. ಅವಳು ಹೇಳಿದ್ದು ಇದು: ರೇಣುಕಾ ಪಿಂಚಣಿಯ ದಿನ ತಪ್ಪದೆ ಬರುತ್ತಿದ್ದಳು. ಬಿಸಿಲಲ್ಲಿ ಕೂಸಿನ ತಲೆಗೆ ಸೆರಗು ಹೊದಿಸಿಕೊಂಡು, ಹಾಲಗುಂಡಿ ಬಸ್ಸು ಬಂದಾಗೆಲ್ಲ ಎದ್ದು ನೋಡಿ, ಕೂತು, ಸಂಜೆಗೆ ಹೋಗುತ್ತಿದ್ದಳು. ಆ ಬಸ್ಸು ನಿಂತ ಮೇಲೂ ಬಂದಳು. ಆಮೇಲೆ ಒಂದು ದಿನ ಸ್ಟ್ಯಾಂಡಿನ ದೊಡ್ಡ ಪರದೆಯ ಮೇಲೆ ಗೂಡಿನ ಯೋಜನೆಯ ವರ್ಷದ ಹಬ್ಬಕ್ಕೆಂದು ಒಂದು ಭಾಷಣ ಹಚ್ಚಿದರು.

“ಆ ಮೇಲ್ಮನಿ ಅಕ್ಕಾರದು,” ಎಂದಳು ಶಿವಲೀಲಾ. ಪಕ್ಕದಲ್ಲಿ ನಿಂತವರು ಯಾರೆಂದು ಅವಳಿಗೆ ಗುರುತು ಸಿಕ್ಕಿರಲಿಲ್ಲ. “ಅದನ್ನ ಮೊದಲನೇ ಸಲ ಪೂರಾ ಕೇಳಿ ಅಕಿ ಭಾಳ ಅತ್ಲ್ರಿ. ‘ನಮ್ಮ ಚಿಗವ್ವನ ಅದಾಳ. ನಮ್ಮವ್ವನ ಸುದ್ದೀನ ಹೇಳಾಕತ್ತಾಳ. ನನ್ನ ಸಲುವಾಗಿ ಬಿಸಲಾಗ ಕುಂತು ಅವ್ವಗ ಇಷ್ಟ ತ್ರಾಸ ಆಗತಿತ್ತಂತ ನನಗ ತಿಳಿಲೇ ಇಲ್ಲ. ಇನ್ನ ಅಕಿ ಬರೂದು ಬ್ಯಾಡ’ ಅಂದ್ಲು. ಗಂಡಗ ಇಚಲಕರಂಜಿ ಕಡೆ ಮಗ್ಗದ ಕೆಲಸ ಸಿಕ್ಕಿತ್ತಂತ. ಹ್ವಾದ್ರು.”

ನೀಲಾಂಬಿಕಾ ಅವರಿಗೆ ಅಕ್ಕನ ಮುಖ ನೋಡುವ ಧೈರ್ಯವಾಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಅವ್ವ ಅನ್ನುತ್ತಿದ್ದದ್ದು ಕಿವಿಯಲ್ಲಿ ಕೇಳಿದಂತಾಯಿತು. ಹುಡುಕಿಸುತ್ತೇನೆ ಅಕ್ಕಾ ಎಂದರು. ಹುಡುಕಿಸಿದರು ಕೂಡ. ಆದರೆ ಗಡಿಯಾಚೆ ಬೇರೆ ರಾಜ್ಯ, ಬೇರೆ ಗೂಡುಗಳು. ಮಗ್ಗದವರು ಇಂದು ಈ ಶೆಡ್ಡು, ನಾಳೆ ಆ ಶೆಡ್ಡು. ಸುಳಿವು ಸಿಗಲಿಲ್ಲ. ಇಷ್ಟಾದರೂ ಬಾಳವ್ವ ತಂಗಿಯನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನೀಲಾಂಬಿಕಾ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು.

ಗುರುವಾರದ ಬಸ್ಸು ಮಾತ್ರ ನಿಲ್ಲಲಿಲ್ಲ. ಬಾಳವ್ವ ಪ್ರತಿ ಸಲವೂ ಉಂಡಿಯ ಗಂಟು ಕಟ್ಟಿಕೊಂಡು ತಯಾರಾಗಿರುತ್ತಿದ್ದಳು. ರೇಣಿಗೆ ಎಂದಾದರೂ ತವರಿನ ಕಡೆ ಮನಸ್ಸೆಳೆದರೆ ಮನೆಗೆ ಬರಲಾರಳು, ಈ ಬೆಂಚಿಗೇ ಬರುತ್ತಾಳೆ ಎಂಬುದು ಅವಳ ಲೆಕ್ಕ. ನದಾಫ ಒಮ್ಮೆ ಕರೆ ಮಾಡಿದ. ಆ ದಾರಿಯಲ್ಲಿ ಇಬ್ಬರೇ ಹೋಗಿ ಇಬ್ಬರೇ ಬರುತ್ತಿದ್ದೀರಿ, ಯಂತ್ರ ಪದೇ ಪದೇ ಕಾರಣ ಕೇಳುತ್ತಿದೆ, ಏನು ಕೆಲಸವೆಂದು ಬರೆಯಲಿ ಮೇಡಂ ಎಂದ. ಏನೂ ಬರೀಬೇಡಿ, ಹೋಗಿಬರಲಿ ಎಂದರು ನೀಲಾಂಬಿಕಾ. ಸದಸ್ಯತ್ವದ ಅವಧಿ ಬರುವ ಬೇಸಿಗೆಗೆ ಮುಗಿಯುತ್ತದೆ, ಅಲ್ಲಿಗೆ ಈ ಬಸ್ಸೂ ಮುಗಿಯುತ್ತದೆ ಎಂದು ಅವನಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅಕ್ಕನಿಗೆ ಮಾತ್ರ ಅವರು ಹೇಳಿರಲಿಲ್ಲ.

ಶಿವರಾತ್ರಿ ಕಳೆದ ಒಂದು ಗುರುವಾರ ಬಿಸಿಲು ಚುರುಕಾಗಿತ್ತು. ಬಾಳವ್ವ ಬೆಂಚಿನ ಒಂದು ತುದಿಗೆ ಕೂತು, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಆಚೆ ಊರಿನ ಬಸ್ಸು ಬರುವ ದಾರಿ ನೋಡುತ್ತಿದ್ದಳು. ಇಷ್ಟು ದಿನ ದೂರ ನಿಲ್ಲುತ್ತಿದ್ದ ನೀಲಾಂಬಿಕಾ ಅವರಿಗೆ ಅಂದು ಮೊಣಕಾಲು ನೋಯುತ್ತಿತ್ತು. ಬಂದು ಅಕ್ಕನ ಪಕ್ಕ ಬೆಂಚಿನ ಮೇಲೆ ಕೂತರು.

ಬಾಳವ್ವ ದಾರಿಯಿಂದ ಕಣ್ಣು ತೆಗೆಯದೆ, ಸಿಟ್ಟಿಲ್ಲದೆ ಹೇಳಿದಳು: “ಅಲ್ಲಿ ಬ್ಯಾಡವಾ ನೀಲಾ. ಅದು ರೇಣಿ ಕುಂದ್ರೂ ಜಾಗ.”

ನೀಲಾಂಬಿಕಾ ಎದ್ದು ಬಿಸಿಲಿನಲ್ಲಿ ನಿಂತರು.